ಅಂಬ್ರಪ್ಪನ ಬಾಸುಂದಿ ಭಕ್ತಿ

ನಮ್ಮ ಪಕ್ಕದ ಮನೆಯ ಅಂಬ್ರಪ್ಪ ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಮನೆದೇವರು ಮೈಲಾರಲಿಂಗ. ನಾಯಿ ಆ ದೇವರದೆಂದು ಅವನ ಮನೆಯಲ್ಲಿ ನಾಯಿಗೆ ಯಾರೂ ಕೋಲೆತ್ತುವುದಿಲ್ಲ. ಭಾನುವಾರದ ಎಡೆ ಮೊದಲು ಅದಕ್ಕೇ. ಇಲ್ಲಿಯವರೆಗೆ ನನ್ನ ತಕರಾರೇನೂ ಇಲ್ಲ. ಅವನ ಅಪ್ಪ ರೊಟ್ಟಿ ಮುರಿದು ಹಾಕುತ್ತಿದ್ದ. ಪಿಂಚಣಿ ಬಂದ ಮೇಲೆ ಮಗನ ಭಕ್ತಿ ಬಾಸುಂದಿಗೇರಿತು.

ಎಮ್ಮೆಯ ಹಾಲನ್ನು ಕೆನೆಗಟ್ಟುವಂತೆ ಕುದಿಸಿ, ಸಕ್ಕರೆ ಸುರಿದು, ಪರಾತದಲ್ಲಿ ತನ್ನ ಮುದಿ ನಾಯಿ ಮಲ್ಲನ ಮುಂದಿಟ್ಟು ಕೈಮುಗಿಯುತ್ತಿದ್ದ. ಸೋಮವಾರ ಅಂಗಳದ ತುಂಬ ನೀರುನೀರಾದ ಭೇದಿ, ಹುಳಿ ನಾತದ ವಾಂತಿ, ಅದರ ಮೇಲೆ ನೊಣ. ಬಳಿಯುವವಳು ಹೆಂಡತಿ ಲಾಲಮ್ಮ. ಗೋಡೆಯಾಚೆ ಕೂತ ನಾನು ಚಹಾದ ಕಪ್ಪು ಹಿಡಿದು ಒಳಗೆ ಎದ್ದು ಹೋಗುತ್ತಿದ್ದೆ.

“ದೇವ್ರು ಹೊಟ್ಟಿ ತೊಳಿಯಾಕತ್ತಾನ,” ಎನ್ನುತ್ತಿದ್ದ ಅಂಬ್ರಪ್ಪ. ಥೂ!

ಒಮ್ಮೆ ಮಲ್ಲ ಹೊಟ್ಟೆ ಬಿಗಿದು ಏಳಲಾರದೆ ನರಳತೊಡಗಿತು. ಲಾಲಮ್ಮ ಹಟ ಹಿಡಿದು ಶಹಾಪುರದ ದನದ ದವಾಖಾನೆಗೆ ಆಟೋದಲ್ಲಿ ಒಯ್ಯಿಸಿದಳು, ಅಂಬ್ರಪ್ಪನ ಜೊತೆ ನಾನೂ ಹೋಗಿದ್ದೆ. ಡಾಕ್ಟರ್ ನಸೀರುದ್ದೀನ ಹೊಟ್ಟೆ ಒತ್ತಿ ನೋಡಿ ಗದರಿದರು: “ಬಾಸುಂದಿ, ಪೇಡಾ ಏನೂ ಹಾಕಬ್ಯಾಡ್ರಿ. ಬೆಳದ ನಾಯಿಗಿ ಹಾಲು ಸರಿಯಾಗಿ ಅರಗಂಗಿಲ್ಲ. ಆ ಜಿಡ್ಡಿಗಿ ಹೊಟ್ಟಿ ಒಳಗಿನ ಗ್ರಂಥಿ ಬಾತದ. ಇನ್ನೊಮ್ಮಿ ತಿಂದ್ರ ಉಳಿಯೂದು ಕಷ್ಟ.”

ಇಂಜೆಕ್ಷನ್ನು, ಗಂಜಿ ಅಂತ ಲಾಲಮ್ಮ ಮಗುವಿನ ಹಾಗೆ ನೋಡಿಕೊಂಡಳು. ಮಲ್ಲ ಎದ್ದು ಓಡಾಡಿತು. ನಂಬಿಕೆ ಬಂದು ಆಕೆ ತವರೂರು ಬೋನಾಳಕ್ಕೆ ಹೋದಳು. ಆ ಭಾನುವಾರ ನಾನು ಗೋಡೆಯ ಮೇಲಿಂದ ಇಣುಕುವಷ್ಟರಲ್ಲಿ ಪರಾತ ನೆಕ್ಕಿ ಬೆಳ್ಳಗಾಗಿತ್ತು.

“ಏನು ಮಾಡಿದ್ಯೋ ಮಾರಾಯ?”

“ಹರಕಿ ಹೊತ್ತಿದ್ನಿರಿ ಮಾಸ್ತರ್ರ. ಮಲ್ಲ ಹುಷಾರಾದ್ರ ಎರಡು ಪಟ್ಟು ಬಾಸುಂದಿ ಹಾಕ್ತೀನಂತ. ಹರಕಿ ತೀರಿಸ್ದೆ ಇರಾಕ ಬರ್ತದೇನ್ರಿ?”

ಬುಧವಾರ ಮಲ್ಲ ತನ್ನ ವಾಂತಿಯಲ್ಲೇ ಮುಖವಿಟ್ಟು ಸತ್ತಿತು. ಸುದ್ದಿ ಕೇಳಿ ಲಾಲಮ್ಮ ತವರಿನಿಂದ ಓಡಿ ಬಂದಳು. ಅಂಬ್ರಪ್ಪ ಗೊಳೋ ಎಂದು ಅತ್ತ. ಆ ಅಳು ಕೇಳಿ ನನಗೆ ಕನಿಕರ ಬರಲಿಲ್ಲ, ಹೇಸಿಗೆ ಬಂತು.

ಮೂರನೇ ದಿನದ ಎಡೆಗೆ ಸತ್ತವರಿಗೆ ಪ್ರೀತಿಯಾದದ್ದನ್ನೇ ಇಡಬೇಕಲ್ಲ, ಅವನು ಮತ್ತೆ ಬಾಸುಂದಿ ಕಾಸಿದ. ವಾಸನೆಗೆ ಓಣಿಯ ನಾಯಿಗಳು ಬಂದು ನಿಂತವು. ಪರಾತ ಕೆಳಗಿಡುವ ಮೊದಲೇ ಲಾಲಮ್ಮ ಕಿತ್ತುಕೊಂಡು ಅವನ ಮೂಗಿಗೆ ಹಿಡಿದಳು.

“ಪ್ರಸಾದ ಅಲ್ಲೇನ್ರಿ? ನೀವೇ ತಿನ್ರಿ.”

ಅಂಬ್ರಪ್ಪ ಮುಖ ಹಿಂದಕ್ಕೆಳೆದುಕೊಂಡ.

“ನನಗ ಶುಗರ್ ಅದ. ಡಾಕ್ಟರ್ ಬ್ಯಾಡಂದಾರ.”