ಮಳೆಯಲ್ಲಿ ಸೂರು ಕಾಯುವ ಪಂಚಾಕ್ಷರಯ್ಯ

ಬೆಳಗಿನ ಐದೂಮುಕ್ಕಾಲು. ಎನ್.ಆರ್. ಕಾಲೋನಿಯ ಹಿಂಬದಿಯ ಖಾಲಿ ಸೈಟಿನಲ್ಲಿ ಮೂರು ಕ್ಯಾರವಾನುಗಳು ಮಳೆಯಲ್ಲಿ ನೆನೆಯುತ್ತ ನಿಂತಿವೆ. ಮಳೆ ಜೋರಿಲ್ಲ, ಆದರೆ ಬಿಡುವಂತೆಯೂ ಕಾಣುತ್ತಿಲ್ಲ. ಅರವತ್ತೆರಡು ವರ್ಷದ ಪಂಚಾಕ್ಷರಯ್ಯ ಚಪ್ಪಲಿಯನ್ನು ಹೊರಗೆ ಬಿಟ್ಟು ನಡುವಿನ ಗಾಡಿಯೊಳಗೆ ಹೋಗುತ್ತಾರೆ. ಎರಡು ಕೊಂಡಿ ಬಿಚ್ಚಿ, ಎರಡೂ ಅಂಗೈಯಿಂದ ಸೂರನ್ನು ಮೇಲಕ್ಕೆ ತಳ್ಳುತ್ತಾರೆ. ಸೂರು ಎರಡಡಿ ಮೇಲೇಳುತ್ತದೆ. ಸೂರಿಗೂ ಗಾಡಿಯ ಮೈಗೂ ನಡುವೆ ಸುತ್ತಲೂ ಕ್ಯಾನ್ವಾಸ್ ಬಟ್ಟೆ ಹಾರ್ಮೋನಿಯಂ ತಿದಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬಾಗಿಲು ಹಾಕಿಕೊಂಡು, ಟಾರ್ಚ್ ಹಿಡಿದು ಅವರು ಸುಮ್ಮನೆ ಕೂರುತ್ತಾರೆ.

ಒಂದು ಗಂಟೆ ಹೀಗೇ. ಹೊಲಿಗೆಯ ಉದ್ದಕ್ಕೂ ಟಾರ್ಚಿನ ಬೆಳಕು ನಿಧಾನವಾಗಿ ಸರಿಯುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಬಟ್ಟೆಯನ್ನು ಮುಟ್ಟುವಂತಿಲ್ಲ. ಮಳೆಯಲ್ಲಿ ನೆನೆದ ಕ್ಯಾನ್ವಾಸಿಗೆ ಒಳಗಿನಿಂದ ಬೆರಳು ತಾಗಿದರೆ ಆ ಜಾಗದಲ್ಲಿ ನೀರು ಜಿನುಗಲು ಶುರುವಾಗುತ್ತದೆ. ಆದ್ದರಿಂದ ಕೈಗಳೆರಡೂ ಮಡಿಲಲ್ಲೇ ಇರುತ್ತವೆ. ಹೊರಗೆ ಬಂದಾಗ ಅವರ ಮುಖ ಸಪ್ಪಗಿದೆ.

“ಒಂದು ಹನಿ ಇಲ್ಲ” ಎನ್ನುತ್ತಾರೆ. “ಅದೇ ಸಂಕಟ ನೋಡಿ. ಸೋರಿದ್ರೆ ಸರಿ ಮಾಡಬಹುದು. ಸೋರ್ದೇ ಇರೋದನ್ನ ಹೆಂಗೆ ಸರಿ ಮಾಡೋದು?”

ಸಂಕಟ ಸಣ್ಣದೇನಲ್ಲ. ಈ ಗಾಡಿಯನ್ನು ಬಾಡಿಗೆಗೆ ಪಡೆದು ಪ್ರವಾಸ ಹೋದ ಮೂರು ಕುಟುಂಬಗಳು ಸಾಲಾಗಿ ಒಂದೇ ದೂರು ತಂದಿವೆ. ಮಳೆ ಬಂದ ರಾತ್ರಿ ಸೂರು ಸೋರುತ್ತದೆ, ಬೆಳಿಗ್ಗೆ ಏಳುವಾಗ ದಿಂಬು ಒದ್ದೆ. ಪ್ರತಿ ಸಲವೂ ಪಂಚಾಕ್ಷರಯ್ಯ ಬಂದು ಸೂರಿನ ಮೇಲೆ ನಲವತ್ತು ಬಿಂದಿಗೆ ನೀರು ಸುರಿದು, ಒಳಗೆ ಕೂತು ನೋಡಿದ್ದಾರೆ. ಏನೂ ಇಲ್ಲ. ಗಾಡಿಗಳ ಒಡತಿ ಶ್ರೀವಿದ್ಯಾ ಬ್ಯಾಂಕಿನ ಕೆಲಸ ಬಿಟ್ಟು ಈ ವ್ಯವಹಾರಕ್ಕೆ ಕೈ ಹಾಕಿದವರು. ಅವರ ತಾಳ್ಮೆ ಮುಗಿದಿದೆ. ಸೋಮವಾರ ಬೆಳಿಗ್ಗೆ ಫೈಬರ್ ಕೂರಿಸುವವರು ಬರುತ್ತಾರೆ. ಕ್ಯಾನ್ವಾಸ್ ಕಿತ್ತುಹಾಕಿ ಸೂರನ್ನು ಕಾಯಂ ಮಾಡಿಬಿಡುತ್ತಾರೆ. ಮೊದಲು ಈ ಗಾಡಿ, ಆಮೇಲೆ ಉಳಿದೆರಡು. ಇವತ್ತು ಗುರುವಾರ.

“ಅವರನ್ನ ಬಿಡೋಕೆ ನನಗೂ ಇಷ್ಟ ಇಲ್ಲ” ಎನ್ನುತ್ತಾರೆ ಶ್ರೀವಿದ್ಯಾ. “ಆದ್ರೆ ಪಂಚಾಕ್ಷರಯ್ಯನವರು ಸೋರಲ್ಲ ಅಂತಾರೆ, ದುಡ್ಡು ಕೊಟ್ಟು ಮಲಗಿದೋರು ಸೋರುತ್ತೆ ಅಂತಾರೆ. ನಾನು ಯಾರನ್ನ ನಂಬಲಿ ಹೇಳಿ?”

ಪಂಚಾಕ್ಷರಯ್ಯನವರದು ಕಾಟನ್‌ಪೇಟೆಯ ಮನೆತನ. ತಾತನ ಕಾಲದಿಂದ ಕ್ಯಾನ್ವಾಸ್ ಹೊಲಿಗೆ. ಗುಡಾರ, ಶಾಮಿಯಾನ, ಲಾರಿಗೆ ಹೊದಿಸುವ ಟಾರ್ಪಾಲಿನ್. ಅಂಗಡಿಯ ನೆಲದ ಮೇಲೆ ಏಳು ಜನ ಸಾಲಾಗಿ ಕೂತು ಹೊಲಿಯುತ್ತಿದ್ದ ಕಾಲವಿತ್ತು. ಒಬ್ಬ ಮಾತು ತೆಗೆದರೆ ಸಾಲಿನ ಕೊನೆಯವನು ಮುಗಿಸುತ್ತಿದ್ದ. ನೀಲಿ ಪ್ಲಾಸ್ಟಿಕ್ ಹಾಳೆ ಬಂದಿತು. ಅದು ಒಂದು ಮಳೆಗಾಲಕ್ಕೆ ಹರಿದುಹೋಗುತ್ತದೆ ನಿಜ, ಆದರೆ ಇನ್ನೊಂದನ್ನು ಕೊಂಡರಾಯಿತು ಎಂದು ಜನ ಲೆಕ್ಕ ಹಾಕಿದರು. ಹೊಲಿಯುವವರು ಒಬ್ಬೊಬ್ಬರಾಗಿ ಎದ್ದುಹೋದರು. ಅಂಗಡಿಯೂ ಹೋಯಿತು. ಈಗ ಉಳಿದಿರುವುದು ಚಾಮರಾಜಪೇಟೆಯಲ್ಲಿ ಒಂದು ಕೋಣೆ. ಹಗಲು ಅಲ್ಲೇ ಕೆಲಸ, ರಾತ್ರಿ ಬಟ್ಟೆಯ ಸುರುಳಿಗಳನ್ನು ಗೋಡೆಗೆ ಒರಗಿಸಿ ಅಲ್ಲೇ ಹಾಸಿಗೆ.

ಮದುವೆಯ ಮಾತು ಬಂದರೆ ಅವರು ದಾರಕ್ಕೆ ಮೇಣ ಉಜ್ಜುತ್ತಲೇ ಉತ್ತರ ಕೊಡುತ್ತಾರೆ. “ಅಂಗಡಿ ನಿಲ್ಲಿಸ್ಕೊಂಡು ಆಮೇಲೆ ಆಗೋಣ ಅಂದ್ಕೊಂಡೆ. ಅಂಗಡಿ ನಿಲ್ಲಲಿಲ್ಲ. ನೋಡೋ ಹೊತ್ತಿಗೆ ನಲವತ್ತೈದು ಆಗಿತ್ತು.”

ಕ್ಯಾನ್ವಾಸ್ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹೊಲಿಯಬೇಕು, ಇನ್ನೊಬ್ಬ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಆ ಇನ್ನೊಬ್ಬನ ಜಾಗದಲ್ಲಿ ಪಂಚಾಕ್ಷರಯ್ಯ ಗೋಡೆಗೆ ಒಂದು ಕಬ್ಬಿಣದ ಕೊಕ್ಕೆ ಬಡಿದಿದ್ದಾರೆ. ಹೊಲಿಯುತ್ತ ಹೊಲಿಯುತ್ತ ಒಮ್ಮೊಮ್ಮೆ “ಸ್ವಲ್ಪ ಎಳಿಯೋ” ಎಂದುಬಿಡುತ್ತಾರೆ. ಹೇಳಿದ ಮೇಲೆ ಎದ್ದುಹೋಗಿ ತಾವೇ ಎಳೆದು ಕಟ್ಟಿ ಬರುತ್ತಾರೆ. ಅದರಲ್ಲಿ ಬೇಸರವೇನೂ ಕಾಣುವುದಿಲ್ಲ, ಅಭ್ಯಾಸ ಅಷ್ಟೆ.

ಕ್ಯಾರವಾನುಗಳು ಊರಿಗೆ ಬಂದ ಮೇಲೆ ಅವರಿಗೆ ಮತ್ತೆ ಕೆಲಸ ಸಿಕ್ಕಿದೆ. ಒಟ್ಟು ಹನ್ನೊಂದು ಗಾಡಿಗಳ ಸೂರು ಅವರ ಕೈಯಲ್ಲಿದೆ. ಒಂದು ಸೂರಿಗೆ ನಲವತ್ತೆರಡು ಅಡಿ ಹೊಲಿಗೆ, ಒಂದು ಅಂಗುಲಕ್ಕೆ ಆರು ತೂತು. ಅಂದರೆ ನೀರಿಗೆ ಒಳಗೆ ಬರಲು ಮೂರು ಸಾವಿರದ ಇಪ್ಪತ್ತನಾಲ್ಕು ದಾರಿ. ಎಲ್ಲವನ್ನೂ ದಬ್ಬಳದಲ್ಲಿ, ಹತ್ತಿಯ ದಾರದಲ್ಲಿ ಹೊಲಿಯುತ್ತಾರೆ. ನೈಲಾನ್ ಗಟ್ಟಿ ನಿಜ, ಆದರೆ ನೆನೆದರೆ ಉಬ್ಬುವುದಿಲ್ಲ. ಹತ್ತಿ ದಾರ ನೀರು ಕುಡಿದು ಉಬ್ಬಿ ತನ್ನ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಹೊಸ ಸೂರನ್ನು ಮೂರು ಸಲ ನೆನೆಸಿ, ಮೂರು ಸಲ ನೆರಳಲ್ಲಿ ಒಣಗಿಸಿ, ಆಮೇಲೆ ಹೊಲಿಗೆಗೆ ಜೇನುಮೇಣ ಉಜ್ಜುತ್ತಾರೆ. ಮಳೆಗಾಲದಲ್ಲಿ ಪ್ರವಾಸ ಮುಗಿಸಿ ಬಂದ ಗಾಡಿಗಳ ಸೂರನ್ನು ಎರಡು ದಿನದೊಳಗೆ ಎಬ್ಬಿಸಿ ಗಾಳಿಗೆ ಬಿಡಬೇಕು. ಇಲ್ಲದಿದ್ದರೆ ಮಡಿಕೆಯಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಯಾರೋ ಸೋಪಿನ ಪುಡಿ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ತಂದಿದ್ದರು. “ಪಾತ್ರೆ ಬೆಳಗಿದಂಗೆ ಬೆಳಗಿಬಿಟ್ಟಿದ್ರು. ಮೇಣ ಎಲ್ಲಾ ಚರಂಡಿಗೆ. ಸೂರು ಮಲ್ ಬಟ್ಟೆ ಆಗಿತ್ತು.”

ಮಳೆ ಬಂದಾಗಲೆಲ್ಲ ಅವರು ಚಾಮರಾಜಪೇಟೆಯಿಂದ ನಡೆದೇ ಬರುತ್ತಾರೆ. ಬಿಸಿಲಿನಲ್ಲಿ ಬಂದರೆ ಸೂರು ಏನನ್ನೂ ಹೇಳುವುದಿಲ್ಲ. ಉಳಿದವರು ಮಳೆ ನಿಲ್ಲಲಿ ಎಂದು ಅಂಗಡಿಯ ಸಜ್ಜೆಯ ಕೆಳಗೆ ಗುಂಪುಗೂಡಿ ಹರಟುವ ಹೊತ್ತಿನಲ್ಲಿ ಇವರು ಒಬ್ಬರೇ ಮುಚ್ಚಿದ ಗಾಡಿಯೊಳಗೆ ಕೂತಿರುತ್ತಾರೆ. ಮಳೆಗಾಲದಲ್ಲಿ ಕೆಲವು ದಿನ ಯಾರೊಂದಿಗೂ ಒಂದು ಮಾತೂ ಆಡದೆ ಸಂಜೆಯಾಗುತ್ತದಂತೆ.

“ಕೆಲಸ ಹೋದ್ರೆ ಹೋಗ್ಲಿ” ಎನ್ನುತ್ತಾರೆ ಆ ಗುರುವಾರ, ಛತ್ರಿ ಬಿಚ್ಚುತ್ತ. “ಪ್ಲಾಸ್ಟಿಕ್ ಬಂದಾಗಲೂ ಹೋಯ್ತು. ಆವಾಗ ಯಾರೂ ನಮ್ಮ ಹೊಲಿಗೆ ಸೋರುತ್ತೆ ಅಂದಿರಲಿಲ್ಲ. ಈಗ ಸೋರುತ್ತೆ ಅನ್ನಿಸ್ಕೊಂಡು ಹೋಗ್ಬೇಕಲ್ಲ, ಅದು ನುಂಗೋಕಾಗ್ತಿಲ್ಲ.” ಸೋಮವಾರದೊಳಗೆ ಇನ್ನೊಂದು ಒಳ್ಳೆಯ ಮಳೆ ಬರಲಿ ಎಂದು ಅವರು ಕಾಯುತ್ತಿದ್ದಾರೆ.

ಶನಿವಾರ ಬೆಳಿಗ್ಗೆ ಆ ಮಳೆ ಬರುತ್ತದೆ. ಆರು ಗಂಟೆಗೆ ಸೈಟಿನ ಗೇಟಿನ ಬಳಿ ನೀರು ಕಣಕಾಲು ಮುಟ್ಟಿದೆ. ಪಂಚಾಕ್ಷರಯ್ಯ ಆಗಲೇ ಒಳಗೆ ಕೂತಿದ್ದಾರೆ. ಗೇಟಿನ ಪಕ್ಕ ಕೂತು ಹೂ ಕಟ್ಟಿ, ಗಾಂಧಿ ಬಜಾರಿಗೆ ಒಯ್ದು ಮಾರುವ ಮುನಿಯಕ್ಕ ಬುಟ್ಟಿ ಸಮೇತ ಬಾಗಿಲು ಬಡಿಯುತ್ತಾರೆ.

“ಅಯ್ನೋರೆ, ಬಾಗಿಲು ತೆಗೀರಿ! ಒಬ್ರೇ ತಪಸ್ಸಿಗೆ ಕೂತ್ಬಿಟ್ರಾ?”

ಅವರ ಹಿಂದೆಯೇ ಕಂಬಳಿ ಹೊದ್ದ ಸೈಟಿನ ಕಾವಲುಗಾರ ದೊಡ್ಡಬೈರಪ್ಪ. ತಗಡಿನ ಶೆಡ್ಡು ನಾಲ್ಕೂ ಕಡೆ ಸೋರುತ್ತಿದೆಯಂತೆ. ಹತ್ತು ನಿಮಿಷಕ್ಕೆ ಶ್ರೀವಿದ್ಯಾ ಬರುತ್ತಾರೆ, ಸೋಮವಾರಕ್ಕೆ ಮುಂಚೆ ಒಮ್ಮೆ ತಾವೇ ಕೂತು ನೋಡಿಬಿಡೋಣವೆಂದು. ಈ ವರದಿ ಬರೆದುಕೊಳ್ಳಲು ಬಂದವರೂ ಸೇರಿ ಐದು ಜನ, ನಾಲ್ಕು ಜನ ಮಲಗುವ ಗಾಡಿಯಲ್ಲಿ. ಎರಚಲು ಹೊಡೆಯುತ್ತಿದೆ ಎಂದು ಕಿಟಕಿಗಳನ್ನೆಲ್ಲ ಹಾಕಿದ್ದಾಯಿತು. ಶ್ರೀವಿದ್ಯಾ ಗಾಡಿಯ ಸಣ್ಣ ಒಲೆ ಹಚ್ಚಿ ಕಾಫಿಗೆ ಹಾಲಿಡುತ್ತಾರೆ.

“ಬೈರಣ್ಣ, ನಿನ್ ಮೊಣಕಾಲು ಆ ಕಡಿಗಿಟ್ಕೊ. ಹೂವಿನ್ ಮೇಲೆ ಕೂತೀಯ” ಎನ್ನುತ್ತಾರೆ ಮುನಿಯಕ್ಕ.

“ಇಲ್ಲಿ ಜಾಗ ಎಲ್ಲೈತಮ್ಮ? ಅರ್ಧ ಗಾಡಿ ನಿನ್ ಬುಟ್ಟಿನೇ ಐತೆ.”

“ಮಾತಾಡ್ಬೇಡಿ, ನೋಡೋಕೆ ಬಿಡಿ” ಎಂದು ಪಂಚಾಕ್ಷರಯ್ಯ ಗದರುತ್ತಾರೆ, ಟಾರ್ಚ್ ತಿರುಗಿಸುತ್ತ. ಯಾರೂ ಸುಮ್ಮನಾಗುವುದಿಲ್ಲ. ಕಾಫಿ ಎಲ್ಲರ ಕೈಗೆ ಬರುತ್ತದೆ. ಮುಕ್ಕಾಲು ಗಂಟೆ ಕಳೆದಿರಬೇಕು. ಮುನಿಯಕ್ಕ ಥಟ್ಟನೆ ಕತ್ತು ಹಿಡಿದುಕೊಳ್ಳುತ್ತಾರೆ.

“ಅಯ್ಯಯ್ಯೋ, ಸೋರ್ತೈತೆ! ಅಯ್ನೋರೆ, ನನ್ ಕತ್ತಿನ್ ಮ್ಯಾಲೆ ಬಿತ್ತು!”

ಇನ್ನೊಂದು ಹನಿ ದೊಡ್ಡಬೈರಪ್ಪನ ಲೋಟಕ್ಕೇ ಬೀಳುತ್ತದೆ. ಶ್ರೀವಿದ್ಯಾ ಕತ್ತೆತ್ತಿ ಸೂರಿನ ಕಡೆ ನೋಡುತ್ತಾರೆ. ಪಂಚಾಕ್ಷರಯ್ಯನವರ ಕೈಯಲ್ಲಿದ್ದ ಟಾರ್ಚ್ ಒಂದು ಕ್ಷಣ ನೆಲದ ಕಡೆ ಬಾಗುತ್ತದೆ. ನಲವತ್ತು ವರ್ಷ ಹೊಲಿದ ಮನುಷ್ಯನ ಮುಖ ಆಗ ಹೇಗಿತ್ತು ಎಂದು ಬರೆಯುವುದು ಬೇಡ.

ಆದರೆ ಅವರು ಎದ್ದು ನಿಲ್ಲುತ್ತಾರೆ. ಜೇಬಿನಿಂದ ವಿಭೂತಿ ಗಟ್ಟಿಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಹನಿ ಬಿದ್ದ ಕಡೆಯ ಹೊಲಿಗೆಯ ಮೇಲೆ ಮೂರಡಿ ಉದ್ದಕ್ಕೆ, ಬೆರಳು ಬಟ್ಟೆಗೆ ತಾಗದಂತೆ, ಬಲು ಹಗುರಾಗಿ ಎಳೆಯುತ್ತಾರೆ. ನೀರು ಹೊಲಿಗೆಯಿಂದ ಬರುತ್ತಿದ್ದರೆ ಬಿಳಿ ಗೆರೆ ಆ ಜಾಗದಲ್ಲಿ ಕಪ್ಪಾಗಬೇಕು. ಐದೂ ಜನ ಕತ್ತೆತ್ತಿ ನೋಡುತ್ತಾರೆ. ಗೆರೆ ಬೆಳ್ಳಗೇ ಇದೆ. ಹನಿ ಮಾತ್ರ ಬೀಳುತ್ತಲೇ ಇದೆ, ಹೊಲಿಗೆಗಿಂತ ನಾಲ್ಕು ಬೆರಳು ಮೇಲೆ, ಬಟ್ಟೆಯನ್ನು ಸೂರಿಗೆ ಹಿಡಿದಿರುವ ಅಲ್ಯುಮಿನಿಯಂ ಪಟ್ಟಿಯಿಂದ. ಪಟ್ಟಿಯ ಉದ್ದಕ್ಕೂ ಸಣ್ಣ ಸಣ್ಣ ನೀರಿನ ಮಣಿಗಳು.

“ಇಡ್ಲಿ ಪಾತ್ರೆ ಮುಚ್ಚಳ ಎತ್ತಿದಂಗೈತಲ್ಲ” ಎನ್ನುತ್ತಾರೆ ಮುನಿಯಕ್ಕ.

ಪಂಚಾಕ್ಷರಯ್ಯ ಅವರ ಕಡೆ ತಿರುಗಿ ನೋಡುತ್ತಾರೆ. ಒಲೆಯ ಕಡೆ ನೋಡುತ್ತಾರೆ. ಒದ್ದೆ ಸೀರೆ, ಒದ್ದೆ ಕಂಬಳಿ, ಮಂಜಾದ ಕಿಟಕಿ ಗಾಜು, ಐದು ಮುಖ.

“ಇದು ಮಳೆ ನೀರಲ್ಲ ಮೇಡಂ” ಎನ್ನುತ್ತಾರೆ ಮೆಲ್ಲಗೆ. “ನಮ್ಮ ಉಸಿರು.”

ಮುಂದಿನದನ್ನು ಅವರು ಪಟ್ಟಿಯ ಮೇಲೆ ಟಾರ್ಚ್ ಹಿಡಿದುಕೊಂಡೇ ಹೇಳುತ್ತಾರೆ. ಗಾಡಿ ಬಂದಾಗ ಅದರ ಕ್ಯಾನ್ವಾಸಿನಲ್ಲಿ ಎರಡೂ ಬದಿಗೆ ಅಂಗೈಯಗಲದ ಜಾಲರಿಯ ಕಿಂಡಿಗಳಿದ್ದವು. ಕಳೆದ ಏಪ್ರಿಲ್‌ನಲ್ಲಿ ಹೊಸ ಬಟ್ಟೆ ಹಾಕುವಾಗ ಅವರು ಕಿಂಡಿಗಳನ್ನು ಬಿಡಲಿಲ್ಲ. ಆ ಜಾಗಕ್ಕೆ ಎರಡು ಪದರ ಬಟ್ಟೆ ಕೊಟ್ಟು ಭದ್ರವಾಗಿ ಹೊಲಿದರು. ಬೇಸಿಗೆಯಲ್ಲಿ ಜನ ಕಿಟಕಿ ತೆರೆದು ಮಲಗಿದರು, ಗೊತ್ತಾಗಲಿಲ್ಲ. ಮಳೆಯಲ್ಲಿ ಎಲ್ಲ ಮುಚ್ಚಿ ನಾಲ್ಕು ಜನ ಇಡೀ ರಾತ್ರಿ ಮಲಗಿದಾಗ ಅವರ ಉಸಿರೆಲ್ಲ ತಣ್ಣನೆಯ ಪಟ್ಟಿಗೆ ತಾಗಿ ನೀರಾಗಿ ದಿಂಬಿನ ಮೇಲೆ ಇಳಿಯಿತು. ಒಬ್ಬರೇ ಒಂದು ಗಂಟೆ ಕೂತವರಿಗೆ ಅದು ಕಾಣುವಂತಿರಲಿಲ್ಲ.

“ಲಾರಿ ಟಾರ್ಪಾಲಿನ್ ಹೊಲಿದ ಕೈ ಮೇಡಂ ಇದು. ತೂತು ಕಂಡ್ರೆ ಮುಚ್ಚು ಅಂತಾನೇ ಕಲ್ತಿದ್ದು. ಲಾರೀಲಿ ಸಕ್ಕರೆ ಮೂಟೆ ಇರುತ್ತೆ, ಅಕ್ಕಿ ಮೂಟೆ ಇರುತ್ತೆ. ಮೂಟೆ ಉಸಿರಾಡಲ್ಲ. ಇದರೊಳಗೆ ಜನ ಮಲಗ್ತಾರೆ ಅನ್ನೋದು ನನ್ನ ತಲೇಗೆ ಬರಲಿಲ್ಲ. ತಪ್ಪು ನಂದೇ.”

“ಮೂರು ಸಲ ಬಂದು ಕೂತ್ರಲ್ಲ, ಒಂದ್ಸಲನಾದ್ರೂ ಯಾರನ್ನಾದ್ರೂ ಜೊತೆಗೆ ಕರೀಬಾರದಿತ್ತಾ?” ಎಂದು ಶ್ರೀವಿದ್ಯಾ ಕೇಳುತ್ತಾರೆ.

“ಯಾರನ್ನ ಕರೀಲಿ?” ಎನ್ನುತ್ತಾರೆ ಪಂಚಾಕ್ಷರಯ್ಯ. ಅದು ಕೊಂಕಿನ ಪ್ರಶ್ನೆಯಲ್ಲ.

ಮಳೆ ಇನ್ನೂ ಸುರಿಯುತ್ತಿರುವಾಗಲೇ ಅವರು ಬ್ಲೇಡು ತೆಗೆದುಕೊಂಡು ತಾವು ಹಾಕಿದ ಹೊಲಿಗೆಯನ್ನು ತಾವೇ ಬಿಚ್ಚಿ, ಕಿಂಡಿಯಿದ್ದ ಜಾಗದ ಬಟ್ಟೆಯನ್ನು ಮಡಚಿ ಹೊರಕ್ಕೆ ಬಾಗಿಸುತ್ತಾರೆ, ಕಿಟಕಿಯ ಮೇಲಿನ ಸಜ್ಜೆಯ ಹಾಗೆ. ಗಾಳಿ ಆಡುತ್ತದೆ, ನೀರು ಒಳಗೆ ಬರುವುದಿಲ್ಲ. ಅರ್ಧ ಗಂಟೆಯಲ್ಲಿ ಪಟ್ಟಿಯ ಮೇಲಿನ ಮಣಿಗಳು ಆರುತ್ತವೆ. ಶ್ರೀವಿದ್ಯಾ ಬಾಗಿಲ ಬಳಿ ನಿಂತು ಫೈಬರ್‌ನವರಿಗೆ ಫೋನ್ ಮಾಡಿ, ಸೋಮವಾರ ಬರುವುದು ಬೇಡ ಎನ್ನುತ್ತಾರೆ. ಪಂಚಾಕ್ಷರಯ್ಯ ಕೇಳಿಸಿಕೊಂಡೂ ಕೇಳಿಸದವರ ಹಾಗೆ ಅಂಚು ಮಡಚುತ್ತಿರುತ್ತಾರೆ. ಒಂದು ಹೊಲಿಗೆ ಸೊಟ್ಟಗಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ಹಾಕುತ್ತಾರೆ.

ಎರಡು ವಾರದ ಮೇಲೆ ಅದೇ ಸೈಟು, ಅದೇ ಹೊತ್ತು, ಮತ್ತೆ ಮಳೆ. ಜಾಲರಿ ಕೂರಿಸಿದ ಗಾಡಿ ಘಟ್ಟದ ಕಡೆ ಎರಡು ಪ್ರವಾಸ ಮುಗಿಸಿ ಬಂದಿದೆ, ದಿಂಬು ಒದ್ದೆಯಾದ ಸುದ್ದಿಯಿಲ್ಲ. ಉಳಿದ ಗಾಡಿಗಳಿಗೂ ಕಿಂಡಿ ಬಿಡುವ ಕೆಲಸ ನಡೆದಿದೆ. ಇವತ್ತು ಮೂರನೆಯ ಗಾಡಿಯ ಪರೀಕ್ಷೆ. ಬಾಗಿಲು ತೆರೆದರೆ ಒಳಗೆ ಮುನಿಯಕ್ಕ ಹೂ ಕಟ್ಟುತ್ತಿದ್ದಾರೆ, ದೊಡ್ಡಬೈರಪ್ಪ ಒಲೆಯ ಮೇಲಿನ ಹಾಲು ಕಾಯುತ್ತಿದ್ದಾರೆ, ಪಂಚಾಕ್ಷರಯ್ಯನವರ ಟಾರ್ಚ್ ಹೊಲಿಗೆಯ ಮೇಲಿದೆ.

“ಇವ್ರು ಮಳೆ ಬಂದ್ರೆ ಸಾಕು, ಗೇಟಿಗೇ ಬಂದು ಕರೀತಾರೆ” ಎಂದು ಮುನಿಯಕ್ಕ ದೂರುತ್ತಾರೆ. “ಯಾಪಾರ ಇಲ್ವಾ ನಂಗೆ?”

“ಕಾಫಿ ಕುಡಿಯೋವಾಗ ಯಾಪಾರ ನೆನಪಿರಲ್ವಾ?” ಎನ್ನುತ್ತಾರೆ ಪಂಚಾಕ್ಷರಯ್ಯ.

ಕಿಂಡಿ ಬಿಟ್ಟಾಯಿತಲ್ಲ, ಇನ್ನು ಇಷ್ಟು ಜನ ಯಾಕೆ ಎಂದು ಕೇಳಿದರೆ ಅವರು ಟಾರ್ಚ್ ಆರಿಸಿ ಈ ಕಡೆ ತಿರುಗುತ್ತಾರೆ.

“ನೋಡಿ, ಒಬ್ಬ ಕೂತು ನೋಡಿದ್ರೆ ಒಬ್ಬನಿಗೆ ಸೋರಲ್ಲ ಅಂತ ಮಾತ್ರ ಹೇಳಬಹುದು. ನಾಲ್ಕು ಜನಕ್ಕೆ ಕೊಡೋ ಗಾಡಿ ಇದು, ನಾಲ್ಕು ಜನ ಕೂತೇ ನೋಡ್ಬೇಕು. ಇನ್ಮೇಲೆ ಹಂಗೇ ಮಾಡೋದು ಅಂತ ಇಟ್ಕೊಂಡಿದೀನಿ.” ಅವರು ಕಾಲು ಮಡಚಿ, ಪಕ್ಕದ ಬಟ್ಟೆಯ ಸುರುಳಿಯನ್ನು ಎತ್ತಿ ಜಾಗ ಮಾಡುತ್ತಾರೆ. “ಇವತ್ತು ಮೇಡಂ ಬಂದಿಲ್ಲ, ಒಬ್ರು ಕಮ್ಮಿ ಇದೀವಿ. ಬಾಗಿಲು ಹಾಕ್ಕೊಂಡು ಬಂದು ಕೂತ್ಕೊಳ್ಳಿ.”