ಶಿವಗಂಗವ್ವನ ಮೂರನೆಯ ಇಂಗ್ಲಿಷ್ ಪರೀಕ್ಷೆ

ರಾಯಬಾಗದ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಶಿವಗಂಗವ್ವ ಸಹಾಯಕಿ. ಹತ್ತನೆಯ ತರಗತಿ ಪಾಸಾದರೆ ಕಾರ್ಯಕರ್ತೆಯ ಕೆಲಸ ಸಿಗುವಂತಿತ್ತು. ಉಳಿದ ವಿಷಯಗಳು ಮುಗಿದಿದ್ದವು. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತ್ತು. ೧೯೮೯ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಮತ್ತೆ ಪರೀಕ್ಷೆಗೆ ಕಟ್ಟಿದಳು.

ಸಂಜೆ ನಿವೃತ್ತ ಶಿಕ್ಷಕಿ ರಾಜಮತಿಯವರಲ್ಲಿ ಮನೆಪಾಠ. ಅವರು ಯಾರನ್ನೂ ಹೊಗಳಿದವರಲ್ಲ. ಲಂಗದ ಹುಡುಗಿಯರ ನಡುವೆ ಇವಳೊಬ್ಬಳೇ ಸೀರೆಯವಳು. ಒಂದು ದಿನ ಅವರು ಅರ್ಥಗೇಡಿತನಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳನ್ನು ಬಿಡಿಸಿ ಹೇಳಿದರು. ಚಪ್ಪಲಿ ಸವೆದೀತೆಂದು ಕೈಯಲ್ಲಿ ಹಿಡಿದು ಮುಳ್ಳು ತುಳಿಯುವವನು 'ಫೂಲಿಶ್'. ಅವನಿಗೆ ಬುದ್ಧಿ ಸಾಲದು. ಬೆಲ್ಲವಾಗಿ ಹೋದ ಕಬ್ಬಿಗೆ ನೀರು ಹಾಯಿಸಲು ಹೊರಡುವುದು 'ಅಬ್ಸರ್ಡ್'. ಅದಕ್ಕೆ ತಲೆಬುಡವೇ ಇಲ್ಲ.

"ನಗೆಪಾಟಲಾದದ್ದು 'ರಿಡಿಕ್ಯುಲಸ್'. ಅದಕ್ಕ ಒಂದು ಉದಾಹರಣಿ ಹೇಳ್ರಿ."

"ನಾನ ಅದೀನಲ್ರಿ, ಅಕ್ಕಾರ," ಎಂದಳು ಶಿವಗಂಗವ್ವ.

ಹುಡುಗಿಯರು ಕಿಸಕ್ಕನೆ ನಕ್ಕರು. ರಾಜಮತಿ ನಗಲಿಲ್ಲ.

"ಖರೇ ಐತಿ. ಆ ಮಾತಿಗೆ ನಗೋ ಮಂದಿ ಬೇಕು. ಆದರ ಮಂದಿ ನಕ್ಕಿದ್ದೆಲ್ಲಾ ತಲಿಬುಡ ಇಲ್ಲದ್ದು ಆಗೂದಿಲ್ಲ. ಬರ್ಕೋರಿ."

ಪರೀಕ್ಷೆಯ ದಿನ ಬೆಳಿಗ್ಗೆ ಮೈದುನ ಮುರಗೆಪ್ಪ, "ಈ ಹುಚ್ಚ ಇನ್ನ ಸಾಕ ಮಾಡ್ರಿ, ವೈನಿ," ಎಂದ. ಗಂಡ ಲಗಮಣ್ಣ ಟ್ರ್ಯಾಕ್ಟರ್ ಹೊರಡಿಸಿದ.

ರಾಯಬಾಗದ ಶಾಲೆಯ ಗೇಟಿನಲ್ಲಿ ಪರಿಚಯದ ಭಾವುಸಾಹೇಬ ಸಿಕ್ಕ.

"ಏನಲೇ ಲಗಮಣ್ಣ, ಮಗಳನ್ನ ಬಿಡಾಕ ಬಂದಿ?"

"ಹೆಂಡ್ತಿನ್ನ. ನೀ ಸಾಲಿ ಎಷ್ಟನೇತ್ತಾ ತನಾ ಕಲ್ತಿ?"

"ನಾಕನೇತ್ತಾ."

"ಹಂಗಾರ ನನ್ನ ಜೋಡಿ ಹೊರಗ ನಿಂದ್ರು. ಆಕಿ ಒಳಗ ಹೊಂಟಾಳ."

ಸುತ್ತಲಿದ್ದವರೆಲ್ಲ ನಕ್ಕರು. ಆ ನಗು ತನ್ನ ಮೇಲೇ ಎನಿಸಿ ಶಿವಗಂಗವ್ವ ಗೇಟಿನಲ್ಲೇ ನಿಂತಳು. ತಿರುಗಿ ಟ್ರ್ಯಾಕ್ಟರ್ ಹತ್ತಿಬಿಡಲೇ ಎನಿಸಿತು. ಕಲಿತ ಮಾತುಗಳನ್ನು ಒಂದೊಂದಾಗಿ ತನಗೆ ಹಚ್ಚಿ ನೋಡಿಕೊಂಡಳು. ಬುದ್ಧಿ ಸಾಲದ್ದೇ? ಅಲ್ಲ, ಕೆಲಸಕ್ಕೆ ಇದೇ ದಾರಿ. ತಲೆಬುಡವಿಲ್ಲದ್ದೇ? ಅದೂ ಅಲ್ಲ. ಉಳಿದದ್ದು ನಗುವವರ ಮಾತು. ಗಂಟೆ ಬಾರಿಸಿದರೆ ಅವರೂ ತಮ್ಮ ದಾರಿ ಹಿಡಿಯುತ್ತಾರೆ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಮೂವತ್ತೆಂಟು ಅಂಕ ಬಂದವು. ಮುಂದಿನ ವರ್ಷ ಅದೇ ಅಂಗನವಾಡಿಗೆ ಕಾರ್ಯಕರ್ತೆಯಾದಳು. ನಿವೃತ್ತಿಯವರೆಗೂ ಅಲ್ಲೇ ಇದ್ದಳು.

ಫಲಿತಾಂಶದ ದಿನ ಪೇಡೆಯ ಡಬ್ಬಿ ಹಿಡಿದು ಹೋದಾಗ ರಾಜಮತಿ ಕನ್ನಡಕದ ಮೇಲಿಂದ ನೋಡಿದರು.

"ಮೂವತ್ತೆಂಟಕ್ಕ ಪೇಡೆ ಹಂಚತಾರೇನ್ರಿ?"

"ನಿಮ್ಮ ಉಪಕಾರಕ್ಕರಿ, ಅಕ್ಕಾರ."

ಅವರು ಎರಡು ತಿಂದರು. ಡಬ್ಬಿಯಲ್ಲಿ ಅದಾಗಲೇ ಒಂದು ಕಡಿಮೆಯಿತ್ತು. ಅದನ್ನು ಶಿವಗಂಗವ್ವ, ಪರೀಕ್ಷೆಯ ದಿನ ಬಿಸಿಲಲ್ಲಿ ಮೂರು ತಾಸು ಗೇಟಿನ ಹೊರಗೆ ನಿಂತವನ ಕೈಗೆ ಮೊದಲೇ ಇಟ್ಟುಬಂದಿದ್ದಳು.