ಮದುವೆಯ ಸಿಡಿ ಓಡದ ಕಂಪ್ಯೂಟರ್

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಒಂದು ಟೈಪಿಂಗ್ ಅಂಗಡಿ ಇಟ್ಟಿದ್ದೆವು. ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ಹೊಗೆಸೊಪ್ಪು ಬೆಳೆಯುವವರ ಅರ್ಜಿ, ಇವೇ ನಮ್ಮ ಕೆಲಸ. ಇದ್ದದ್ದು ಒಂದೇ ಕಂಪ್ಯೂಟರ್, ಮೈಸೂರಿನ ಅಂಗಡಿಯವರೊಬ್ಬರು ಬಿಡಿಭಾಗ ಜೋಡಿಸಿ ಕೊಟ್ಟದ್ದು. ಒಬ್ಬರು ಟೈಪ್ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಬೇಕಿತ್ತು.

ನಾನು ಆ ಊರಿನವಳೇ. ಅವಳ ತವರು ಹುಣಸೂರು, ಸೇರಿದ ಮನೆ ಕಂಪಲಾಪುರ. ಗಂಡ ಮಿಲಿಟರಿಯಲ್ಲಿದ್ದ. ಮದುವೆಗೆಂದು ಬಂದವನು ರಜೆ ಮುಗಿದೊಡನೆ ಉತ್ತರದ ಯಾವುದೋ ಗಡಿಗೆ ಹೊರಟುಹೋಗಿದ್ದ. ಜೊತೆಗಿದ್ದ ದಿನಗಳೆಲ್ಲ ನೆಂಟರ ಮನೆ ಊಟದಲ್ಲೇ ಕಳೆದಿದ್ದವು.

"ಅವ್ರ ಮುಖಾನೇ ಸರ್ಯಾಗಿ ನ್ಯಾಪಕಕ್ಕೆ ಬರಕಿಲ್ಲ ಕಣೇ. ಫೋಟೋದಲ್ಲಿರೋದು ಬ್ಯಾರೆ, ಅವ್ರು ಬ್ಯಾರೆ" ಎನ್ನುತ್ತಿದ್ದಳು.

ಮದುವೆಯ ವಿಡಿಯೋವನ್ನು ಸಿಡಿಗೆ ಹಾಕಿಸಿಕೊಟ್ಟಿದ್ದರು. ಅವಳ ಮನೆಯಲ್ಲಿ ಅದನ್ನು ನೋಡುವ ಅನುಕೂಲವಿರಲಿಲ್ಲ. ಅಂಗಡಿಗೇ ತಂದಳು. ನಮ್ಮ ಕಂಪ್ಯೂಟರಿಗೆ ಪತ್ರ ಬರೆಯಲು ಬರುತ್ತಿತ್ತೇ ಹೊರತು ಸಿನಿಮಾ ತೋರಿಸಲು ತ್ರಾಣವಿರಲಿಲ್ಲ. ವಾಲಗದ ಸದ್ದು ಮುಂದೆ ಓಡಿದರೆ ಚಿತ್ರ ಹಿಂದೆಯೇ ನಿಂತುಬಿಡುತ್ತಿತ್ತು. ಧಾರೆ ಎರೆಯುವ ಹೊತ್ತಿಗೆ ಯಾರೋ ಏನೋ ತಮಾಷೆ ಮಾಡಿದ್ದರು, ಮದುಮಗ ನಕ್ಕಿದ್ದ. ಆ ನಗು ಮಾತ್ರ ನಮಗೆ ಪೂರ್ತಿ ಕಾಣಲೇ ಇಲ್ಲ. ತುಟಿ ಬಿರಿಯುತ್ತಿದ್ದ ಹಾಗೇ ಚಿತ್ರ ಕಲ್ಲಾಗುತ್ತಿತ್ತು. ಮತ್ತೆ ಅಲುಗಾಡಿದಾಗ ಅವನು ಆಗಲೇ ಗಂಭೀರವಾಗಿ ಪುರೋಹಿತರ ಮಾತು ಕೇಳುತ್ತಿರುತ್ತಿದ್ದ.

"ಅದೊಂದ ಪೂರ್ತಿ ನೋಡ್ಬೇಕು ಕಣೇ" ಎನ್ನುವಳು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಜಾಗಕ್ಕೆ ಹಿಂದೆ ಸರಿಸಿ ಸರಿಸಿ ನೋಡುವಳು. ನನಗೆ ಮದುವೆ ಆಗಿರಲಿಲ್ಲ. ಪಕ್ಕದಲ್ಲಿ ಕುಳಿತು ಪ್ರೂಫ್ ತಿದ್ದುತ್ತಾ ಅವಳ ಮುಖವನ್ನೇ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಡಿಗೆ ಬಂದರೆ ಅವಳು ನನಗಿಂತ ಮುಂಚೆಯೇ ಬಂದು ಕಪ್ಪು ಪರದೆಯ ಮುಂದೆ ಕೂತಿದ್ದಳು. ಡಬ್ಬದೊಳಗೆ ಫ್ಯಾನ್ ತಿರುಗುವ ಸದ್ದಿತ್ತು. ಪರದೆಯ ಮೇಲೆ ಒಂದಕ್ಷರವೂ ಇರಲಿಲ್ಲ. ದಿನವೂ ಆನ್ ಮಾಡಿದಾಗ ಬರುತ್ತಿದ್ದ ಪುಟ್ಟ ಬೀಪ್ ಕೂಡ ಇಲ್ಲ.

"ಏನಾಯ್ತೇ?"

"ಗೊತ್ತಿಲ್ಲ" ಎಂದಳು. ನನ್ನ ಕಡೆ ನೋಡಲಿಲ್ಲ.

ಅಂದು ಸಂಜೆಗೆ ಒಂದು ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿತ್ತು. ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಸಿಕ್ಕಿಸಿದೆವು. ನೆಲದ ಮೇಲೆ ಟವೆಲ್ ಹಾಸಿ, ಡಬ್ಬದ ತಗಡು ತೆಗೆದು, ಮೆಮೊರಿ ಪಟ್ಟಿಯನ್ನು ಹೊರಗೆಳೆದು ರಬ್ಬರಿನಿಂದ ಉಜ್ಜಿ ಹಾಕಿದೆವು. ಹಿಂದೊಮ್ಮೆ ಅದರಿಂದ ಸರಿಹೋಗಿತ್ತು. ಈ ಸಲ ಪರದೆ ಜಪ್ಪಯ್ಯ ಅನ್ನಲಿಲ್ಲ.

ಎದುರಿಗಿದ್ದ ಔಷಧಿ ಅಂಗಡಿಯಲ್ಲಿ ಫೋನಿತ್ತು. ಅಲ್ಲಿಂದ ಮೈಸೂರಿನ ಅಂಗಡಿಯವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತೇ, "ಇದಕ್ಕೆ ಮುಂಚೆ ಏನ್ ಮಾಡಿದ್ರಿ ಮೇಡಂ?"

"ಏನೂ ಮಾಡಿಲ್ಲ ಸಾರ್."

"ಏನೋ ಮಾಡಿರ್ತೀರಿ. ಕೇಳಿ ಹೇಳಿ."

ರಿಸೀವರ್ ಕೈಯಲ್ಲಿ ಹಿಡಿದೇ ಬೀದಿಯ ಆಚೆಗೆ ಕೂಗಿದೆ. "ಏನ್ ಮಾಡ್ದೆ ಅಂತ ಕೇಳ್ತಾವ್ರೆ ಕಣೇ!"

ಅವಳು ಬಾಗಿಲಿಗೆ ಬಂದು ನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದಳು. "ಸೆಟಪ್ಪಿಗೆ ಹೋಗಿ ಪ್ರೊಸೆಸರ್ ಸ್ಪೀಡ್ ಜಾಸ್ತಿ ಮಾಡ್ದೆ!"

"ಯಾಕೇ?"

"ಸಿಡಿ ಚೆನ್ನಾಗಿ ಓಡ್ಲಿ ಅಂತ!"

ಹುಣಸೂರಿನಲ್ಲಿ ಅವಳ ಜೊತೆ ಕಂಪ್ಯೂಟರ್ ಕಲಿತ ಯಾರೋ ಹೇಳಿದ್ದರಂತೆ, ಅಲ್ಲೊಂದು ಅಂಕಿ ಬದಲಿಸಿದರೆ ಹಳೆಯ ಯಂತ್ರವೂ ಕುದುರೆಯ ಹಾಗೆ ಓಡುತ್ತದೆ ಎಂದು. ನಾನು ವಿಷಯ ಹೇಳಿದಾಗ ಫೋನಿನ ಆ ತುದಿಯಲ್ಲಿ ನಗು ಕೇಳಿಸಿತು. "ಅಷ್ಟು ಸ್ಪೀಡು ಅದಕ್ಕೆ ತಡೆಯಲ್ಲ ಮೇಡಂ. ಕರೆಂಟ್ ಪ್ಲಗ್ ಕಿತ್ತುಬಿಡಿ. ಬೋರ್ಡಿನ ಮೇಲೆ ನಾಣ್ಯದ ಥರ ಒಂದು ಬ್ಯಾಟರಿ ಇರುತ್ತೆ, ತೆಗೀರಿ. ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಬದಲಾಯಿಸಿದ್ದನ್ನೆಲ್ಲ ಮರೆತು ಮೊದಲಿನ ಹಾಗೆ ಆಗುತ್ತೆ."

"ಬ್ಯಾಟ್ರಿ ತಗೀಬೇಕಂತೆ ಕಣೇ! ಮೊದ್ಲು ಪ್ಲಗ್ ಕೀಳು!"

ಔಷಧಿ ಅಂಗಡಿಯ ಹಿರಿಯರು ಚೀಟಿ ನೋಡುವುದನ್ನು ಬಿಟ್ಟು, "ನಿಧಾನ ಕಣವ್ವ, ಕರೆಂಟ್ ಜೋಕೆ" ಎಂದು ನನಗಿಂತ ಜೋರಾಗಿ ಕೂಗಿದರು.

ಬ್ಯಾಟರಿಯನ್ನು ಅವಳೇ ತೆಗೆದಳು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ನಾನೂ ಕೂತೆ. "ನನ್ ಮ್ಯಾಲೆ ಕ್ವಾಪ ಬಂತಾ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಅವಳು ಸುಮ್ಮನೆ ಅತ್ತಳು. ಕಂಪ್ಯೂಟರಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು.

ಬ್ಯಾಟರಿ ಹಾಕಿ ಪ್ಲಗ್ ಸಿಕ್ಕಿಸಿದಾಗ ಬೀಪ್ ಬಂತು. ಪರದೆ ಬೆಳಗಿತು. ಗಡಿಯಾರ ಮಾತ್ರ ಎಲ್ಲ ಮರೆತು ಎಷ್ಟೋ ವರ್ಷ ಹಿಂದಿನ ಜನವರಿ ಒಂದನ್ನು ತೋರಿಸುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಅದನ್ನು ನೋಡಿದಳು.

"ಈ ತಾರೀಕಲ್ಲಿ ಅವ್ರು ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಎಷ್ಟು ಆರಾಮಾಗಿದ್ದೆ ನೋಡು" ಎಂದು ನಕ್ಕಳು. ನಗುತ್ತಲೇ ತಾರೀಕು ಸರಿಮಾಡಿದಳು. ಸಂಜೆಯೊಳಗೆ ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಯಿತು.

ಅಂದು ಬಸ್ಸಿಗೆ ಹೊರಡುವ ಮುಂಚೆ ಸಿಡಿ ಹಾಕಿದಳು. ನಗು ಮತ್ತೆ ಅರ್ಧಕ್ಕೇ ನಿಂತಿತು. "ಇರ್ಲಿ ಬುಡು. ನಿಂತ್ರೆ ಅಷ್ಟೊತ್ತು ಇಲ್ಲೇ ಇರ್ತಾರಲ್ಲ" ಎಂದಳು.

ಮುಂದಿನ ಸುಗ್ಗಿ ಹೊತ್ತಿಗೆ ಅವಳ ಗಂಡನಿಗೆ ಕ್ವಾರ್ಟರ್ಸ್ ಸಿಕ್ಕಿತು. ಕರೆದುಕೊಂಡು ಹೋಗಲು ಆತನೇ ಬಂದ. ಅಂಗಡಿಗೂ ಬಂದಿದ್ದ. ಇವಳು ಕಂಪ್ಯೂಟರ್ ಕೆಡಿಸಿದ ಕಥೆಯನ್ನು ನಾನು ಹೇಳಿದಾಗ ಕುರ್ಚಿಗೆ ಒರಗಿ ಮನಸಾರೆ ನಕ್ಕ. ಇವಳು ಕೆಲಸವಿಲ್ಲದಿದ್ದರೂ ಕೀಬೋರ್ಡ್ ಒರೆಸುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ನನಗೆ ತುಂಬ ಸಂತೋಷವಾಯಿತು. ಅವರು ಹೋದ ಮೇಲೆ ಷಟರ್ ಅರ್ಧ ಎಳೆದು, ಅವಳು ಒರೆಸಿಟ್ಟ ಕೀಬೋರ್ಡಿನ ಮುಂದೆ ಕೂತೆ.

ಮೊದಮೊದಲು ಔಷಧಿ ಅಂಗಡಿಗೆ ಅವಳ ಫೋನ್ ಬರುತ್ತಿತ್ತು. ಅಲ್ಲಿ ಹಿಮ ಬೀಳುತ್ತದೆ, ರಾಗಿ ಹಿಟ್ಟು ಸಿಗುವುದಿಲ್ಲ, ಹಿಂದಿ ಕಲಿಯುತ್ತಿದ್ದೇನೆ ಎನ್ನುತ್ತಿದ್ದಳು. ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಅವಳ ಅತ್ತೆ ಮಾವ ಕಿರಿ ಮಗನ ಜೊತೆ ಮೈಸೂರಿಗೆ ಹೋದರು. ನನಗೂ ಮದುವೆಯಾಗಿ ಅಂಗಡಿ ಬೇರೆ ಬೀದಿಗೆ ಬಂತು. ಫೋನ್ ನಂಬರುಗಳೆಲ್ಲ ಬದಲಾದವು. ಯಾರು ಯಾರನ್ನು ಬಿಟ್ಟೆವೋ ಹೇಳಲಾರೆ.

ಈಗ ಅಂಗಡಿಯಲ್ಲಿ ಒಳ್ಳೆಯ ಕಂಪ್ಯೂಟರುಗಳಿವೆ. ಪ್ರೂಫ್ ಓದುವಾಗ ಮಾತ್ರ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ಓದುವ ರೂಢಿ ಹೋಗಿಲ್ಲ. ಮೈಸೂರಿನಿಂದ ವಾಪಸು ಬರುವಾಗ ಕೆಲವೊಮ್ಮೆ ಯಾವ ಕೆಲಸವಿಲ್ಲದೆಯೂ ಕಂಪಲಾಪುರದಲ್ಲಿ ಇಳಿದುಬಿಡುತ್ತೇನೆ. ಹೋಟೆಲಿನಲ್ಲಿ ಒಂದು ಟೀ ಕುಡಿದು, ಅವಳ ಮನೆಯಿದ್ದ ಎದುರಿನ ಬೀದಿಯ ಕಡೆ ಸ್ವಲ್ಪ ಹೊತ್ತು ನೋಡಿ, ಮುಂದಿನ ಬಸ್ಸು ಹತ್ತುತ್ತೇನೆ.